ಒದ್ದೆ ಬಟ್ಟೆಗೆ ಕಾಗದದ ಕವರೇ ಸರಿ: ಹಳೆ ಕೇಸಿನ ಡಿಎನ್‌ಎ ಉಳಿಸುವುದು ಹೇಗೆ?

ಜುಲೈ ತಿಂಗಳ ಮಳೆ. ಹೊಳೆದಂಡೆಯ ಮೇಲೆ ಮಹಜರು. ರಕ್ತದ ಕಲೆಯಿದ್ದ ಒದ್ದೆ ಅಂಗಿಯನ್ನು ಮೀನಂಗಡಿಯಲ್ಲಿ ಕೊಡುವಂಥ ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿದರು, ಪಂಚರು ಸಹಿ ಹಾಕಿದರು, ಅರಗಿನ ಸೀಲೂ ಬಿತ್ತು. ವರ್ಷಗಳ ನಂತರ ತೆರೆದಾಗ ಒಳಗಿದ್ದದ್ದು ಬೂಷ್ಟು ಹಿಡಿದ ಕಪ್ಪು ಮುದ್ದೆ. ನಮ್ಮ ಕರಾವಳಿಯಲ್ಲಿ ಇಂಥದ್ದನ್ನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಹಳೆ ಕೇಸು ಗೆಲ್ಲುವುದೋ ಸೋಲುವುದೋ ಜಪ್ತಿಯ ದಿನವೇ ತೀರ್ಮಾನವಾಗಿರುತ್ತದೆ.

ಮೊದಲು ಫೋಟೊ, ಆಮೇಲೆ ಮುಟ್ಟುವುದು. ಮಾಸ್ಕ್ ಇರಲಿ, ಒಂದೊಂದು ವಸ್ತುವಿಗೂ ಹೊಸ ಗ್ಲೌಸ್.

ಇನ್ನು ಒಣಗಿಸುವುದು. ಎಲ್ಲರೂ ಎಡವುವುದು ಇಲ್ಲೇ. ತೇವವಿದ್ದಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆದು ಡಿಎನ್‌ಎಯನ್ನು ತುಂಡುತುಂಡು ಮಾಡುತ್ತವೆ. ಒಣಮೀನಿನಂತೆ ಬಿಸಿಲಿಗೆ ಹರವಿದರೂ ಕೆಟ್ಟಿತು. ಬಿಸಿಲಿನ ನೇರಳಾತೀತ ಕಿರಣವೂ ಅದಕ್ಕೆ ಶತ್ರು. ಬಾಗಿಲು ಹಾಕಿದ ಕೋಣೆಯಲ್ಲಿ, ನೆರಳಲ್ಲಿ, ಬಿಳಿ ಕಾಗದದ ಮೇಲೆ ಬಿಡಿಸಿಡಿ. ಫ್ಯಾನ್ ಬೇಕಾದರೆ ಗೋಡೆಯ ಕಡೆ ತಿರುಗಿಸಿ. ಬಟ್ಟೆಯ ಮೇಲೆ ನೇರ ಗಾಳಿ ಬೀಳಬಾರದು. ಹೇರ್ ಡ್ರೈಯರ್, ಇಸ್ತ್ರಿ ಪೆಟ್ಟಿಗೆ ಹತ್ತಿರ ತರಲೇಬೇಡಿ. ಆರೋಪಿಯ ಬಟ್ಟೆ, ಸತ್ತವರ ಬಟ್ಟೆ ಎರಡನ್ನೂ ಒಂದೇ ಕೋಣೆಯಲ್ಲಿ ಹರವುವುದು ದೊಡ್ಡ ತಪ್ಪು. ಹೊಲಿಗೆ, ಕಾಲರ್, ಜೇಬಿನ ಒಳಗು ಕೊನೆಗೆ ಒಣಗುತ್ತವೆ, ಅಲ್ಲಿ ನೋಡಿಯೇ ಮಡಚಿ. ಕಲೆಯ ಮೇಲೆ ಕಲೆ ಬರದಂತೆ ನಡುವೆ ಕಾಗದವಿಡಿ. ಕೆಳಗೆ ಹಾಸಿದ ಕಾಗದವನ್ನು ಎಸೆಯಬೇಡಿ, ಉದುರಿದ ಪುಡಿ ಅದರಲ್ಲೇ ಇರುತ್ತದೆ.

ಕವರು ಖಾಕಿ ಕಾಗದದ್ದೇ ಆಗಬೇಕು. ಸಾಕ್ಷ್ಯಕ್ಕೆಂದೇ ಮಾರುವ ಜಿಪ್ ಪ್ಲಾಸ್ಟಿಕ್ ಚೀಲ ನೋಡಲು ಚೆಂದ, ಆದರೆ ತೇವವನ್ನು ಒಳಗೇ ಕೂಡಿಹಾಕುತ್ತದೆ. ಮೂಳೆ, ಹಲ್ಲನ್ನು ಫಾರ್ಮಲಿನ್‌ಗೆ ಹಾಕಬೇಡಿ, ಅದು ಡಿಎನ್‌ಎ ಕೆಡಿಸುತ್ತದೆ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿರುವಂತೆ ಡಿಎನ್‌ಎ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು, ತಡವಾದರೆ ಕೇಸ್ ಡೈರಿಯಲ್ಲಿ ಕಾರಣ ಬರೆಯಬೇಕು. ಮಳೆಗಾಲದಲ್ಲಿ ಅಷ್ಟರೊಳಗೆ ಒಣಗದಿದ್ದರೆ ಕಾಗದದಲ್ಲೇ ಸುತ್ತಿ, 'ಒದ್ದೆ ಇದೆ' ಎಂದು ಮೇಲೆ ಬರೆದು ಕೈಯಾರೆ ತಲುಪಿಸಿ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ರಿಜಿಸ್ಟರಿನಲ್ಲಿ ಒಂದು ಸಹಿ ತಪ್ಪಿದರೂ ಎದುರು ವಕೀಲರು ಹಿಡಿಯುವುದು ಅಲ್ಲೇ.

ಇಷ್ಟು ಕಷ್ಟ ಏಕೆಂದರೆ, ಇಂಗ್ಲೆಂಡಿನ ಲೆಸ್ಟರ್‌ಶೈರಿನಲ್ಲಿ 1983 ಮತ್ತು 1986ರಲ್ಲಿ ನಡೆದ ಎರಡು ಕೊಲೆಗಳ ಮಾದರಿಗಳು ಉಳಿದಿದ್ದವು. ಡಿಎನ್‌ಎ ಬೆರಳಚ್ಚು ವಿಧಾನ ಕಂಡುಹಿಡಿದ ವಿಜ್ಞಾನಿ ಅಲೆಕ್ ಜೆಫ್ರಿಸ್ ಅವನ್ನು ಪರೀಕ್ಷಿಸಿದಾಗ ಮೊದಲು ಬಚಾವಾದವನು ತಪ್ಪೊಪ್ಪಿಕೊಂಡಿದ್ದ ನಿರಪರಾಧಿ ಹುಡುಗ. ನಿಜವಾದ ಕೊಲೆಗಾರನಿಗೆ 1988ರಲ್ಲಿ ಶಿಕ್ಷೆಯಾಯಿತು.

ಪತ್ತೆಯಾಗದೆ ಮುಚ್ಚಿದ ಕೇಸಿನ ಮನೆಯವರು ಮೊದಲು ಮುದ್ದೆಮಾಲು, ಅಂದರೆ ಜಪ್ತಿಯಾದ ವಸ್ತು, ಇನ್ನೂ ಇದೆಯೇ, ನಾಶವಾಯಿತೇ ಎಂದು ಠಾಣೆಗೂ ಕೋರ್ಟಿಗೂ ಲಿಖಿತವಾಗಿ ಕೇಳಿ. ಇದ್ದರೆ ಹೆಚ್ಚಿನ ತನಿಖೆಗೆ ಅರ್ಜಿ ಕೊಡಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 193(9)ರಲ್ಲಿ ಅವಕಾಶವಿದೆ. ಸೀಲನ್ನು ಯಾರೂ ಒಡೆಯದಂತೆ ನೋಡಿಕೊಳ್ಳಿ.

ಕಾಣೆಯಾದವರ ಪ್ರಕರಣವಾದರೆ ಹೋಲಿಕೆಗೆ ರಕ್ತಸಂಬಂಧಿಗಳ ಮಾದರಿ ಬೇಕು. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದ ಮೇಲೆ, ಸೆಪ್ಟೆಂಬರಿನಲ್ಲಿ ಗಂಗಾವಳಿ ಹೊಳೆಯಿಂದ ಎತ್ತಿದ ಲಾರಿಯೊಳಗಿನ ದೇಹದ ಗುರುತು ಖಚಿತವಾದದ್ದು ಡಿಎನ್‌ಎಯಿಂದಲೇ. ಮೂಳೆ ತೀರ ಹಳೆಯದಾದರೆ ತಾಯಿಯಿಂದ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎಯಷ್ಟೇ ಸಿಗಬಹುದು. ಅದಕ್ಕೆ ತಂದೆಯ ರಕ್ತ ನೆರವಾಗದು. ತಾಯಿ ಇದ್ದರೆ ಮೊದಲು ಅವರದ್ದೇ ಮಾದರಿ ಕೊಡಿಸಿ. ವಯಸ್ಸಾಗಿದೆ, ಮಳೆ ಕಳೆಯಲಿ ಎಂದು ಮುಂದೆ ಹಾಕಬೇಡಿ.