ಅಣಕು ನ್ಯಾಯಾಲಯಕ್ಕೆ ಮಕ್ಕಳನ್ನು ಸಿದ್ಧಗೊಳಿಸುವುದು ಹೇಗೆ?

ಪ್ರೌಢಶಾಲೆಗಳ ಅಣಕು ನ್ಯಾಯಾಲಯ ಸ್ಪರ್ಧೆಗಳಿಗೆ ತೀರ್ಪುಗಾರಳಾಗಿ ಹೋದಾಗಲೆಲ್ಲ ಒಂದು ಸಂಗತಿ ನನಗೆ ನೋವು ಕೊಡುತ್ತದೆ. ವಾರಗಟ್ಟಲೆ ಓದಿಕೊಂಡು ಬಂದ ಜಾಣ ಮಕ್ಕಳು ಪಾಟೀಸವಾಲಿಗೆ, ಅಂದರೆ ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನಿಸಲು, ಎದ್ದ ಕೂಡಲೇ ಸಿನಿಮಾ ವಕೀಲರಾಗಿಬಿಡುತ್ತಾರೆ. ಮೇಜು ಗುದ್ದುತ್ತಾರೆ, ಸಾಕ್ಷಿಯನ್ನು ಗದರಿಸುತ್ತಾರೆ. ತಪ್ಪು ಮಕ್ಕಳದಲ್ಲ, ಸರಿಯಾದ ರೀತಿಯನ್ನು ಅವರಿಗೆ ಯಾರೂ ತೋರಿಸಿರುವುದಿಲ್ಲ.

ಮೊದಲು ತಂಡ. ಎಂಟು ಮಂದಿ ಸಾಕು: ಎರಡೂ ಕಡೆಗೆ ಇಬ್ಬಿಬ್ಬರು ವಕೀಲರು, ಮೂವರು ಸಾಕ್ಷಿಗಳು, ಒಬ್ಬ ಆರೋಪಿ. ಚುರುಕಾದವರನ್ನೆಲ್ಲ ವಕೀಲರನ್ನಾಗಿ ಮಾಡಬೇಡಿ. ಒಳ್ಳೆಯ ಸಾಕ್ಷಿ ಇಲ್ಲದ ತಂಡ ಗೆದ್ದದ್ದನ್ನು ನಾನು ಕಂಡಿಲ್ಲ.

ಎರಡನೆಯದು ಪ್ರಕರಣ. ಕೊಲೆ ಬೇಡ, ಸೈಕಲ್ ಕಳವು ಸಾಕು. ಆರೋಪಿಗೆ ಹದಿನೆಂಟು ತುಂಬಿರಲಿ. ಅದಕ್ಕಿಂತ ಚಿಕ್ಕವನಾದರೆ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗಬೇಕಾಗುತ್ತದೆ. ಹಳೆಯ ಗೈಡುಗಳನ್ನು ನಂಬಬೇಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕಳವಿಗೆ ಈಗ ಹಳೆಯ ಭಾರತೀಯ ದಂಡ ಸಂಹಿತೆಯ 379 ಅಲ್ಲ, ಇದರ 303ನೇ ಕಲಂ.

ಮೂರನೆಯದಾಗಿ, ಪ್ರತಿ ಸಾಕ್ಷಿಯ ಹೇಳಿಕೆಯನ್ನು ಒಂದು ಪುಟದಲ್ಲಿ ಬರೆದು ಎರಡೂ ಕಡೆಯವರಿಗೆ ಕೊಡಿ. ತಮ್ಮ ಕಡೆಯ ಸಾಕ್ಷಿಯನ್ನು ತಾವೇ ಕೇಳುವ ಮುಖ್ಯ ವಿಚಾರಣೆ ಸುಲಭ: ಯಾವಾಗ, ಎಲ್ಲಿ, ಏನು ನೋಡಿದಿರಿ ಎಂದು ಕೇಳಿ ಸಾಕ್ಷಿಗೆ ಮಾತನಾಡಲು ಬಿಡಬೇಕು. ಉತ್ತರವನ್ನು ಬಾಯಿಗೆ ತುರುಕುವ ಸೂಚಕ ಪ್ರಶ್ನೆ ಇಲ್ಲಿ ಸಲ್ಲದು.

ಪಾಟೀಸವಾಲಿನಲ್ಲಿ ಅದೇ ಸೂಚಕ ಪ್ರಶ್ನೆಯೇ ಆಯುಧ. ನಮ್ಮ ತಾಲ್ಲೂಕು ನ್ಯಾಯಾಲಯಗಳ ಸಾಕ್ಷಿ ಹೇಳಿಕೆಗಳಲ್ಲಿ ‘ಎಂದರೆ ಸರಿ’, ‘ಎಂದರೆ ಸುಳ್ಳು’ ಎಂಬ ಮಾತು ಸಾಲುಸಾಲಾಗಿ ಬರುತ್ತದೆ. ಮಕ್ಕಳಿಗೆ ಆ ಅಚ್ಚನ್ನೇ ಕೊಡಿ. ಪ್ರತಿ ಪ್ರಶ್ನೆಯೂ ‘ಎಂದರೆ ಸರಿಯೇ?’ ಎಂದು ಮುಗಿಯಲಿ, ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ ಇರಲಿ.

ಒಮ್ಮೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕಿರಾಣಿ ಅಂಗಡಿಯವನ ಪಾತ್ರದ ಸಾಕ್ಷಿಯನ್ನು ಹೀಗೆ ಕೇಳಿದಳು. ಆಗ ರಾತ್ರಿ ಎಂಟೂವರೆ ಎಂದರೆ ಸರಿಯೇ? ಸರಿ. ಬೀದಿದೀಪ ಕೆಟ್ಟಿತ್ತು ಎಂದರೆ ಸರಿಯೇ? ಸರಿ. ನಿಮಗೆ ಕಂಡದ್ದು ಅವನ ಬೆನ್ನು ಮಾತ್ರ ಎಂದರೆ ಸರಿಯೇ? ಸರಿ. ಅಲ್ಲಿಗೆ ಕುಳಿತಿದ್ದರೆ ಪ್ರಕರಣ ಅವಳ ಕೈಯಲ್ಲಿತ್ತು. ಅವಳು ಮುಂದುವರಿದು, ‘ಹಾಗಾದರೆ ಅವನೇ ಎಂದು ಹೇಗೆ ಹೇಳುತ್ತೀರಿ?’ ಎಂದಳು. ‘ಎಡಗಾಲು ಎಳೆದು ನಡೆಯುವವನು ನಮ್ಮ ಬೀದಿಯಲ್ಲಿ ಅವನೊಬ್ಬನೇ’ ಎಂಬ ಉತ್ತರ ಬಂತು. ಅವಳ ಕೈಯಲ್ಲಿದ್ದ ಹಾಳೆ ನಡುಗಿದ್ದು ನನಗೆ ಇನ್ನೂ ನೆನಪಿದೆ.

ಆದ್ದರಿಂದ ‘ಹೇಗೆ’, ‘ಏಕೆ’ ಎಂಬ ಪದಗಳನ್ನು ಪಾಟೀಸವಾಲಿನ ಹಾಳೆಯಿಂದ ಹೊಡೆದುಹಾಕಿ. ಬೆನ್ನು ಮಾತ್ರ ಕಂಡಿತ್ತು ಎಂಬುದರಿಂದ ಏನು ತಿಳಿಯುತ್ತದೆ ಎನ್ನುವುದನ್ನು ಕೊನೆಯ ವಾದಕ್ಕೆ ಉಳಿಸಿಕೊಳ್ಳಬೇಕು. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಹೇಳಿಕೆಯ ಸಾಲಿನ ಸಂಖ್ಯೆ ಬರೆಸಿ. ಸಂಖ್ಯೆ ಸಿಗದ ಪ್ರಶ್ನೆಯನ್ನು ಬಿಟ್ಟುಬಿಡಿ. ಅಭ್ಯಾಸದಲ್ಲಿ ಸಾಕ್ಷಿ ಬೇಕೆಂದೇ ‘ನೆನಪಿಲ್ಲ’ ಎನ್ನಲಿ. ಆಗ ವಕೀಲರು ಮುಂದಿನ ಪ್ರಶ್ನೆಯನ್ನು ಗಿಣಿಪಾಠದಂತೆ ಒಪ್ಪಿಸದೆ, ಆ ಸಾಲನ್ನು ಓದಿ ತೋರಿಸಲು ಕಲಿಯುತ್ತಾರೆ. ಇದಕ್ಕೆ ಕನಿಷ್ಠ ನಾಲ್ಕು ಸಂಜೆ ಬೇಕು. ಇಡೀ ಕಲಾಪವನ್ನು ನಾಟಕದಂತೆ ಬರೆದು ಬಾಯಿಪಾಠ ಮಾಡಿಸುವ ಅಡ್ಡದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಎದುರು ತಂಡ ನಿಮ್ಮ ನಾಟಕವನ್ನು ಓದಿರುವುದಿಲ್ಲ.

ಬಾಡಿಗೆ ಕರಿಕೋಟು ಬೇಡ, ಸಮವಸ್ತ್ರವೇ ಚೆನ್ನ. ಗೀತೆಯ ಮೇಲೆ ಕೈಯಿಡುವುದೂ ಬೇಡ. 1969ರ ಪ್ರಮಾಣ ಕಾಯ್ದೆಯಂತೆ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು ಅಥವಾ ಸತ್ಯನಿಷ್ಠೆಯಿಂದ ಹೇಳುತ್ತೇನೆ ಎನ್ನಬಹುದು. ಸುತ್ತಿಗೆ ನಮ್ಮ ನ್ಯಾಯಾಧೀಶರ ಮೇಜಿನ ಮೇಲೆ ಇರುವುದಿಲ್ಲ, ನಿಮ್ಮಲ್ಲೂ ಬೇಡ.

ಸ್ಪರ್ಧೆಗೆ ಎರಡು ದಿನ ಮೊದಲು ಕಡೆಗಳನ್ನು ಅದಲುಬದಲು ಮಾಡಿ ಒಮ್ಮೆ ನಡೆಸಿ. ಕಳವಿನ ಆರೋಪಿಯ ಪರ ವಾದಿಸಿದವಳು ಸೈಕಲ್ ಕಳೆದುಕೊಂಡವನ ಪರ ನಿಂತಾಗ, ತನ್ನ ವಾದದಲ್ಲಿ ಬಿರುಕು ಎಲ್ಲಿದೆ ಎಂದು ತಾನೇ ಬೆರಳಿಟ್ಟು ತೋರಿಸುತ್ತಾಳೆ. ಅದನ್ನು ಮುಚ್ಚಲು ನಿಮಗೆ ಇನ್ನೂ ಒಂದು ಸಂಜೆ ಉಳಿದಿರುತ್ತದೆ.