ವಾರದ ಮಾತ್ರೆಯವರಿಗೆ ಲಿವರ್ ಬಯಾಪ್ಸಿ: ಬಲಭುಜದ ಕಡೆ ಗಮನವಿರಲಿ

ಸಂಧಿವಾತಕ್ಕೆ ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರು ಹಾಸನದ ನಮ್ಮ ವಾರ್ಡಿಗೆ ಲಿವರ್ ಬಯಾಪ್ಸಿಗೆಂದು (ಮಾತ್ರೆಯಿಂದ ಲಿವರ್ ಕೆಟ್ಟಿದೆಯೇ ನೋಡಲು ಸೂಜಿಯಿಂದ ಅದರ ಚೂರು ತೆಗೆಯುವುದು) ಬರುವುದು ಈಗ ಕಡಿಮೆ. ರಕ್ತಪರೀಕ್ಷೆಯಲ್ಲಿ ಲಿವರ್‌ನ ಪೆಟ್ಟು ತೋರಿಸುವ ಎಸ್‌ಜಿಒಟಿ, ಎಸ್‌ಜಿಪಿಟಿ ಒಂದು ಸಲ ಏರಿತೆಂದು ಯಾರೂ ಸೂಜಿ ಹಾಕುವುದಿಲ್ಲ. ಮಾತ್ರೆ ನುಂಗಿದ ಮರುದಿನವೇ ರಕ್ತ ಕೊಟ್ಟರೆ ಈ ಅಂಕಿಗಳು ಏರಿರಬಹುದು. ಭಾನುವಾರ ಮಾತ್ರೆಯಾದರೆ ಶುಕ್ರವಾರವೋ ಶನಿವಾರವೋ ರಕ್ತ ಕೊಡಿ. 1994ರಲ್ಲಿ ಅಮೆರಿಕದ ಸಂಧಿವಾತ ತಜ್ಞರು ಹಾಕಿಕೊಟ್ಟ ಲೆಕ್ಕದಲ್ಲಿ, ವರ್ಷದ 9 ಪರೀಕ್ಷೆಗಳ ಪೈಕಿ 5ರಲ್ಲಿ ಎಸ್‌ಜಿಒಟಿ ಹೆಚ್ಚಿದ್ದರೆ, ಇಲ್ಲವೇ ಕಾಯಿಲೆ ಹತೋಟಿಯಲ್ಲಿದ್ದೂ ಲಿವರ್ ತಯಾರಿಸುವ ಆಲ್ಬುಮಿನ್ ಎಂಬ ಪ್ರೋಟೀನ್ ರಕ್ತದಲ್ಲಿ ಇಳಿದರೆ ಬಯಾಪ್ಸಿ. ಈಗ ನಡುವೆ, ಸೂಜಿಯಿಲ್ಲದೆ ಲಿವರ್‌ನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಇದೆ. ಅದರಲ್ಲೂ ಅನುಮಾನ ಉಳಿದರೆ ಮಾತ್ರ ಸೂಜಿ.

ಒಂದು ವಾರ ಮೊದಲೇ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದೇ ಚೀಲದಲ್ಲಿ ತಂದು ತೋರಿಸಿ. 'ಬೇರೆ ಏನೂ ತಗೊಳ್ತಿಲ್ಲ ಸಿಸ್ಟರ್' ಎನ್ನುವವರ ಚೀಲದಲ್ಲೇ ಮೆಡಿಕಲ್ ಶಾಪಿನ ಡೈಕ್ಲೋಫಿನಾಕ್ ಇರುತ್ತದೆ. ನೋವಿನ ಮಾತ್ರೆ, ಆಸ್ಪಿರಿನ್, ಹೃದಯದವರು ಕೊಟ್ಟ ಕ್ಲೋಪಿಡೋಗ್ರೆಲ್ ಎಲ್ಲವೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಯಾವುದನ್ನು ಎಷ್ಟು ದಿನ ಬಿಡಬೇಕೆಂದು ವೈದ್ಯರೇ ಹೇಳಬೇಕು. ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿ ನಿಲ್ಲಿಸಬಾರದು. ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದರೆ ಅದನ್ನೂ ಹೇಳಿ, ಅದರಿಂದಲೇ ಲಿವರ್ ಕೆಟ್ಟ ಪ್ರಕರಣಗಳಿವೆ. ಕುಡಿತದ ವಿಷಯವೂ ಅಷ್ಟೇ. ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ಐಎನ್‌ಆರ್ 1.5ರೊಳಗೆ, ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ 50,000ಕ್ಕಿಂತ ಮೇಲಿದ್ದರೆ ಮುಂದುವರಿಯುತ್ತೇವೆ.

ಆ ದಿನ 6 ಗಂಟೆ ಹೊಟ್ಟೆ ಖಾಲಿ ಇರಬೇಕು. ಬೆಳಗಿನ ಕಾಫಿ ಇಲ್ಲ; ನಮ್ಮ ಸೀಮೆಯವರಿಗೆ ಸೂಜಿಗಿಂತ ಇದೇ ಕಷ್ಟ. ಆದರೆ ದಿನಾ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಉಪವಾಸವೆಂದು ಅದನ್ನು ಬಿಡುವಂತಿಲ್ಲ, ಬಿಪಿ ಕುಸಿಯಬಹುದು. ಗುಟುಕು ನೀರಿನಲ್ಲಿ ನುಂಗಬಹುದೇ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ.

ಇನ್ನು ಭುಜ. ಬಯಾಪ್ಸಿಗೆ ಅಂಗಾತ ಮಲಗಿಸಿ ಬಲಗೈಯನ್ನು ತಲೆಯ ಹಿಂದೆ ಇಡಿಸುತ್ತೇವೆ, ಪಕ್ಕೆಲುಬುಗಳ ನಡುವಿನ ಸಂದು ಅಗಲವಾಗಲೆಂದು. ಬೇರೆಯವರಿಗೆ ಇದೊಂದು ಲೆಕ್ಕವೇ ಅಲ್ಲ, ಭುಜ ಹಿಡಿದುಕೊಂಡಿರುವ ಸಂಧಿವಾತದವರಿಗೆ ಇದೇ ದೊಡ್ಡ ಪರೀಕ್ಷೆ. ಮೂರು ದಿನ ಮೊದಲು ಮನೆಯಲ್ಲೇ ಮಂಚದ ಮೇಲೆ ಹಾಗೆ ಮಲಗಿ, ಕೈ 15 ನಿಮಿಷ ನಿಲ್ಲುತ್ತದೆಯೇ ನೋಡಿ. ನಿಲ್ಲದಿದ್ದರೆ ಮೊದಲೇ ಹೇಳಿ. ಮೊಣಕೈ ಕೆಳಗೆ ಕಂಬಳಿ ಮಡಿಸಿ ಇಡುತ್ತೇವೆ. ಅದೂ ಆಗದಿದ್ದರೆ ಸ್ಕ್ಯಾನಿಂಗ್ ನೋಡಿಕೊಂಡು ಎದೆಗೂಡಿನ ಕೆಳಗಿನಿಂದ ಲಿವರ್‌ನ ಎಡಭಾಗದ ಚೂರು ತೆಗೆಯುವ ದಾರಿಯಿದೆ. ನಡುವೆ ಕೈ ಜಾರಿದರೆ ಮೈ ಅಲುಗುತ್ತದೆ, ಒಳಗೆ ಗೀರಾಗುವುದು ಆಗಲೇ.

ಸ್ಕ್ಯಾನ್ ಮಾಡಿ ಜಾಗ ಗುರುತಿಸಿ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಉರಿಯುವುದು ಅದೇ. ಆಮೇಲೆ 'ಉಸಿರು ಬಿಡಿ, ಹಾಗೇ ಹಿಡಿಯಿರಿ' ಎನ್ನುತ್ತಾರೆ. ಉಸಿರು ಬಿಟ್ಟಾಗ ಶ್ವಾಸಕೋಶ ಮೇಲೆ ಸರಿದು ಸೂಜಿಯ ದಾರಿ ಬಿಡುತ್ತದೆ. ಇದನ್ನು ಮೊದಲೇ ಮೂರು ಸಲ ಅಭ್ಯಾಸ ಮಾಡಿಸುತ್ತೇವೆ. ಸ್ಟೇಪ್ಲರ್ ಒತ್ತಿದ ಹಾಗೆ ಟಕ್ಕೆಂಬ ಸದ್ದು, ಬೆಚ್ಚಿಬೀಳಬೇಡಿ. ಫಾರ್ಮಲಿನ್ ಬಾಟಲಿಗೆ ಬೀಳುವ ಚೂರು ಒತ್ತುಶಾವಿಗೆಯ ಎಳೆಗಿಂತ ತೆಳ್ಳಗೆ, ಸುಮಾರು 2 ಸೆಂಟಿಮೀಟರ್ ಉದ್ದ. ತುಂಡುತುಂಡಾಗಿ ಬಂದರೆ ಇನ್ನೊಂದು ಸಲ ತೆಗೆಯಬೇಕಾಗಬಹುದು.

ಆಮೇಲೆ ಬಲಮಗ್ಗುಲಲ್ಲಿ 2 ಗಂಟೆ, ಒಟ್ಟು 4ರಿಂದ 6 ಗಂಟೆ ಹಾಸಿಗೆ. ಭುಜದ ಮೇಲೆ ಭಾರ ಬೀಳದಂತೆ ಬೆನ್ನಿಗೊಂದು, ಮಂಡಿಗಳ ನಡುವೆ ಒಂದು ದಿಂಬು ಬೇಕು. ಮೊದಲ ಗಂಟೆ 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ ನೋಡುತ್ತೇವೆ.

ಎಡವಟ್ಟಾಗುವುದು ಇಲ್ಲಿ. ಬಯಾಪ್ಸಿ ನಂತರ ಬಲಭುಜ ನೋಯುವುದು ಸಾಮಾನ್ಯ. ಲಿವರ್‌ನ ಮೇಲಿರುವ, ಉಸಿರಾಟದ ಸ್ನಾಯು ವಪೆಗೆ ಕಿರಿಕಿರಿಯಾದರೆ ಅದರ ನರದ ಮೂಲಕ ನೋವು ಭುಜದಲ್ಲಿ ಕಾಣಿಸುತ್ತದೆ. ಸಂಧಿವಾತದವರು 'ಇದು ನನ್ನ ಹಳೇ ನೋವು' ಎಂದು ಸುಮ್ಮನಿರುತ್ತಾರೆ, ಇಲ್ಲವೇ ಚೀಲದಿಂದ ಡೈಕ್ಲೋಫಿನಾಕ್ ತೆಗೆದು ನುಂಗುತ್ತಾರೆ. ಕೀಲಿನ ನೋವು ಕೈ ಎತ್ತಿದರೆ ಹೆಚ್ಚುತ್ತದೆ. ವಪೆಯ ನೋವು ಬಹುಮಟ್ಟಿಗೆ ಉಸಿರೆಳೆದಾಗ. ಯಾವುದೇ ಇರಲಿ, ನಮಗೆ ಹೇಳಿ, ಪ್ಯಾರಸಿಟಮಾಲ್ ಕೊಡುತ್ತೇವೆ. ನೋವಿನ ಜೊತೆ ತಣ್ಣನೆ ಬೆವರು, ತಲೆಸುತ್ತು, ಹೊಟ್ಟೆ ಬಿಗಿತ ಬಂದರೆ ಒಳಗೆ ರಕ್ತ ಸೋರುತ್ತಿರಬಹುದು. ಅಪರೂಪ, ಆದರೂ ಹೆಚ್ಚಾಗಿ ಮೊದಲ ಕೆಲವು ಗಂಟೆಗಳಲ್ಲೇ, ಬಹುತೇಕ 24 ಗಂಟೆಯೊಳಗೆ.

ಹಾಗಾಗಿ ಸಕಲೇಶಪುರದ ಆಚೆಯವರು, ಮೂಡಿಗೆರೆಯ ತೋಟದವರು ಅವತ್ತು ರಾತ್ರಿ ಹಾಸನದಲ್ಲೇ ಯಾರದಾದರೂ ಮನೆಯಲ್ಲಿ ಉಳಿಯಿರಿ, ಜೊತೆಗೊಬ್ಬರಿರಲಿ. ಒಂದು ವಾರ ಭಾರ ಎತ್ತುವಂತಿಲ್ಲ: ತುಂಬಿದ ಕೊಡ ಬೇಡ, ಆಲೂಗಡ್ಡೆ ಮೂಟೆಯ ಮಾತಂತೂ ಬೇಡವೇ ಬೇಡ. ಜ್ವರ, ಕಪ್ಪು ಮಲ, ಕಣ್ಣು ಹಳದಿಯಾದರೆ ತಕ್ಷಣ ಬನ್ನಿ.

ರಿಪೋರ್ಟಿನಲ್ಲಿ ಲಿವರ್ ಎಷ್ಟು ಕೆಟ್ಟಿದೆ ಎಂದು ಹೇಳುವ ರೋನಿಕ್ ದರ್ಜೆ ಬರೆದಿದ್ದರೆ 1 ಮತ್ತು 2ಕ್ಕೆ ಮಾತ್ರೆ ಸಾಮಾನ್ಯವಾಗಿ ಮುಂದುವರಿಯುತ್ತದೆ, 3ಎ ಆದರೆ ಸುಮಾರು 6 ತಿಂಗಳಿಗೆ ಮರುಪರೀಕ್ಷೆ, 3ಬಿ ಮತ್ತು 4ಕ್ಕೆ ನಿಲ್ಲಿಸುತ್ತಾರೆ. ಎಷ್ಟೋ ಸಲ ತಪ್ಪು ಮಾತ್ರೆಯದಲ್ಲ, ತೂಕ ಮತ್ತು ಸಕ್ಕರೆ ಕಾಯಿಲೆ ಲಿವರ್‌ಗೆ ತಂದ ಕೊಬ್ಬಿನದು.

ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಮೆಥೊಟ್ರೆಕ್ಸೇಟ್‌ನ ತಾರೀಖು ಮತ್ತು ವಾರ, ಅದರ ಜೊತೆ ಕೊಡುವ ವಿಟಮಿನ್ ಮಾತ್ರೆ ಫೋಲಿಕ್ ಆಸಿಡ್‌ನ ವಾರ ಎರಡನ್ನೂ ಬೇರೆಬೇರೆಯಾಗಿ ಕನ್ನಡದಲ್ಲೇ ಬರೆಸಿಕೊಳ್ಳಿ. ತಪ್ಪಿಹೋದ ಡೋಸನ್ನು ಸರಿದೂಗಿಸಲು ದಿನಾ ಒಂದೊಂದು ನುಂಗಿದರೆ ಲಿವರ್‌ಗಿಂತ ಮೊದಲು ಬಾಯಿಹುಣ್ಣಾಗಿ ರಕ್ತಕಣಗಳೇ ಕುಸಿಯುತ್ತವೆ.