ಬೀದಿದೀಪದ ಸ್ಮಾರ್ಟ್ ಪ್ಯಾನೆಲ್: ಹುಬ್ಬಳ್ಳಿಯಲ್ಲಿ ನಾವು ಕೂರಿಸಿದ ಬಗೆ

ಬೀದಿದೀಪಗಳನ್ನು ಹೊತ್ತಿಸಿ ಆರಿಸುವ, ಮೊಬೈಲಿಗೆ ಸಂದೇಶ ಕಳಿಸುವ ಸಿಮ್ ಹಾಕಿದ ಪೆಟ್ಟಿಗೆಯೇ ಸ್ಮಾರ್ಟ್ ಪ್ಯಾನೆಲ್. ಅದು ಯಾವ ದೀಪ ಕೆಟ್ಟಿದೆ ಎಂದು ಹೇಳುವುದಿಲ್ಲ. ಆರ್, ವೈ, ಬಿ ಎಂಬ ಮೂರು ಫೇಸುಗಳಲ್ಲಿ (ವಿದ್ಯುತ್ ಬರುವ ಮೂರು ತಂತಿ) ಯಾವ ಫೇಸಿನಲ್ಲಿ ಎಷ್ಟು ವ್ಯಾಟ್ ಕಡಿಮೆಯಾಗಿದೆ ಎಂದಷ್ಟೇ ತಿಳಿಸುತ್ತದೆ. ಆದ್ದರಿಂದ ಮೊದಲ ಕೆಲಸ ಎಣಿಕೆ. ರಾತ್ರಿ ಕಂಬ ಕಂಬಕ್ಕೂ ನಡೆದು ದೀಪ ಎಷ್ಟು, ಎಷ್ಟು ವ್ಯಾಟಿನದು, ಯಾವ ಫೇಸಿನದು ಎಂದು ಬರೆದುಕೊಳ್ಳಬೇಕು. ಎಣಿಕೆ ತಪ್ಪಿದರೆ ದಿನವೂ ಸುಳ್ಳು ಸಂದೇಶ ಬರುತ್ತವೆ. ಹದಿನೈದು ದಿನಕ್ಕೆ ಲೈನ್‌ಮನ್ ಮೊಬೈಲ್ ನೋಡುವುದನ್ನೇ ಬಿಡುತ್ತಾರೆ.

70 ವ್ಯಾಟಿನ 42 ಎಲ್‌ಇಡಿ ದೀಪಗಳಿದ್ದರೆ ಫೇಸಿಗೆ 14, ಅಂದರೆ 980 ವ್ಯಾಟ್. ಎಚ್ಚರಿಕೆಯ ಮಿತಿಯನ್ನು ಆಂಪಿಯರ್‌ನಲ್ಲಿ ಇಡಬೇಡಿ. ಎಲ್‌ಇಡಿ ಡ್ರೈವರ್ (ದೀಪಕ್ಕೆ ಕರೆಂಟ್ ಹದಮಾಡಿ ಕೊಡುವ ಭಾಗ) ವೋಲ್ಟೇಜ್ ಇಳಿದಾಗ ಹೆಚ್ಚು ಕರೆಂಟ್ ಎಳೆಯುತ್ತದೆ. 250 ವೋಲ್ಟ್‌ನಿಂದ 200ಕ್ಕೆ ಇಳಿದರೆ ಆಂಪಿಯರ್ ಕಾಲುಭಾಗ ಏರುತ್ತದೆ, ಆ ಏರಿಕೆಯಲ್ಲಿ ಒಂದೆರಡು ಕೆಟ್ಟ ದೀಪಗಳು ಮುಚ್ಚಿಹೋಗುತ್ತವೆ. ನಾವು ವ್ಯಾಟ್ ಲೆಕ್ಕದಲ್ಲಿ ಶೇ 5 ಇಟ್ಟೆವು; ಒಂದು ದೀಪ ಹೋದರೆ ಶೇ 7 ಕುಸಿಯುತ್ತದೆ, ಸಿಕ್ಕಿಬೀಳುತ್ತದೆ. ಇಷ್ಟು ಸಣ್ಣ ಲೋಡಿಗೆ 100 ಆಂಪಿಯರ್ ಸಿಟಿ (ದೊಡ್ಡ ಕರೆಂಟನ್ನು ಅಳತೆಗೆ ಇಳಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಬೇಡ, ನೇರ ಜೋಡಣೆಯ ಮೀಟರ್ ಸಾಕು. ಏರಿಕೆಗೂ ಒಂದು ಮಿತಿ ಇರಲಿ: ಗಣೇಶ ಹಬ್ಬದಲ್ಲಿ ಪೆಂಡಾಲಿನ ವೈರು ಬೀದಿದೀಪದ ಲೈನಿಗೆ ಬಿದ್ದರೆ ಅದೇ ರಾತ್ರಿ ಗೊತ್ತಾಗುತ್ತದೆ. ದೀಪ ಆರಿಸು ಎಂದ ಮೇಲೂ ಮೀಟರ್ ಲೋಡ್ ತೋರಿಸುತ್ತಿದ್ದರೆ ಕಾಂಟ್ಯಾಕ್ಟರ್ (ದೀಪದ ಲೈನನ್ನು ಹೊತ್ತಿಸಿ ಆರಿಸುವ ಸ್ವಿಚ್) ಅಂಟಿಕೊಂಡಿದೆ ಎಂದರ್ಥ.

ಸೂರ್ಯಾಸ್ತ, ಸೂರ್ಯೋದಯ ಲೆಕ್ಕಹಾಕಿ ದೀಪ ಹೊತ್ತಿಸಿ ಆರಿಸುವ ಪ್ಯಾನೆಲಿನ ಗಡಿಯಾರಕ್ಕೆ ಊರಿನ ಅಕ್ಷಾಂಶ, ರೇಖಾಂಶವನ್ನೇ ಕೊಡಿ: ಸುಮಾರು 15.36 ಉತ್ತರ, 75.12 ಪೂರ್ವ. ದಿಲ್ಲಿಯ ಅಂಕಿ ಹಾಗೇ ಉಳಿದರೆ ಡಿಸೆಂಬರ್‌ನಲ್ಲಿ ದೀಪ ಅರ್ಧ ತಾಸು ಮೊದಲೇ ಹತ್ತುತ್ತವೆ, ಜೂನ್‌ನಲ್ಲಿ ಕತ್ತಲಾದರೂ ತಕ್ಷಣ ಹತ್ತುವುದಿಲ್ಲ.

ಅರ್ಥಿಂಗ್ ವಿಷಯದಲ್ಲಿ ಎರಿಭೂಮಿ ಬಹಳ ಮೋಸ ಮಾಡುತ್ತದೆ. ಮಳೆಗಾಲದಲ್ಲಿ ಅಳೆದರೆ ಓಮ್ ಕಡಿಮೆ, ಅಂದರೆ ಚೆನ್ನಾಗಿಯೇ ಬರುತ್ತದೆ. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಅರ್ಥಿಂಗ್‌ಗೆ ಹೂತ ಸಲಾಕೆಯ ಸುತ್ತ ಮಣ್ಣು ಸಡಿಲಾಗುತ್ತದೆ, ಸಿಡಿಲು ಬರುವುದೂ ಆಗಲೇ. ಏಪ್ರಿಲ್–ಮೇ ಅಡ್ಡಮಳೆಗೆ ಮೋಡೆಮ್, ಡ್ರೈವರ್ ಸುಡುವುದು ಹೀಗೆ. ಸಲಾಕೆಯ ಸುತ್ತ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿ, ಅಳತೆಯನ್ನು ಏಪ್ರಿಲ್‌ನಲ್ಲೇ ತೆಗೆಯಿರಿ. ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸರ್ಜ್ ಅರೆಸ್ಟರ್‌ನಿಂದ ಅರ್ಥ್ ಪಟ್ಟಿಗೆ ಹೋಗುವ ವೈರು ಅರ್ಧ ಮೀಟರ್ ದಾಟಬಾರದು. ಸುರುಳಿ ಸುತ್ತಿಟ್ಟರೆ ಅರೆಸ್ಟರ್ ಇದ್ದೂ ಇಲ್ಲದಂತೆ.

ಕಂಬಗಳ ಮೇಲೆ ಆರ್-1, ವೈ-1, ಬಿ-1 ಎಂದು ಬಣ್ಣದಲ್ಲಿ ಬರೆಸಿ. ಆರ್ ಫೇಸಿನ ಸಂದೇಶ ಬಂದರೆ ಲೈನ್‌ಮನ್ ನೋಡಬೇಕಾದ್ದು 42 ಅಲ್ಲ, 14 ಕಂಬ. ರಸ್ತೆ ಅಗಲಿಸುವಾಗ ಕಂಬ ಬದಲಾದರೆ ಬರಹವನ್ನೂ ಪಟ್ಟಿಯನ್ನೂ ಅದೇ ದಿನ ತಿದ್ದಬೇಕು.